ಹಳದಿ ನೆಗೆಟಿವ್ ಕೆಟ್ಟಿದೆ ಅಂತ ಹೇಳುವ ಮುಂಚೆ ಅಳೆದು ನೋಡಿ

ತಾಲ್ಲೂಕಿನ ಹಳೆಯ ಫೋಟೋ ಸ್ಟುಡಿಯೋ ಒಂದು ಬಾಗಿಲು ಹಾಕುತ್ತಿದೆ ಅಂತ ಗೊತ್ತಾಗಿ ಸುದ್ದಿಗೆ ಹೋಗಿದ್ದೆವು. ಮೂಲೆಯಲ್ಲಿ ಡಬ್ಬಿಗಟ್ಟಲೆ ಬ್ಲ್ಯಾಕ್ ಅಂಡ್ ವೈಟ್ ನೆಗೆಟಿವ್. ಮದುವೆ, ಶಾಲೆಯ ಗ್ರೂಪ್ ಫೋಟೋ, ಈಗ ಇಲ್ಲದ ಎಷ್ಟೋ ಹಿರಿಯರು. ಮಾಲೀಕರು ಒಂದೊಂದನ್ನೇ ಕಿಟಕಿಗೆ ಹಿಡಿದು ನೋಡಿ ಚೀಲಕ್ಕೆ ಹಾಕುತ್ತಿದ್ದರು. "ಹಳದಿ ಆಗ್ಯಾವ್ರೀ, ಇನ್ನ ಪ್ರಿಂಟ್ ಬರಂಗಿಲ್ಲ. ಬೆಳ್ಳಿ ತೆಗೆಯೋರು ಕೆ.ಜಿ. ಲೆಕ್ಕದಾಗ ಒಯ್ತಾರ" ಅಂದರು.

ನಮ್ಮ ತಕರಾರು ಇರುವುದು ಆ ಕಿಟಕಿಗೆ ಹಿಡಿದು ನೋಡುವುದರ ಬಗ್ಗೆ. ಕಲೆ ಬಿದ್ದ ನೆಗೆಟಿವ್‌ಗೆ ನಮ್ಮ ಕಣ್ಣು ಸರಿಯಾದ ಅಳತೆಗೋಲಲ್ಲ.

ಡಾರ್ಕ್‌ರೂಮಿನಲ್ಲಿ ಕೆಂಪು ಬಲ್ಬು ಹಾಕಿಕೊಂಡು ಪ್ರಿಂಟ್ ಮಾಡುತ್ತಿದ್ದರಲ್ಲ, ಯಾಕೆ? ಆ ಕಾಗದಕ್ಕೆ ಕೆಂಪು ಬೆಳಕು ಕಾಣುವುದೇ ಇಲ್ಲ. ಅದಕ್ಕೆ ಮುಖ್ಯವಾಗಿ ಕಾಣುವುದು ನೀಲಿ. ಹಳದಿ ಕಲೆ ತಡೆಯುವುದೂ ಅದೇ ನೀಲಿಯನ್ನು. ಅಂದರೆ ನಮಗೆ ತೆಳು ಹಳದಿಯಾಗಿ ಕಾಣುವುದು ಕಾಗದದ ಪಾಲಿಗೆ ದಪ್ಪ ಪರದೆ.

ಈ ಪರದೆಯ ದಪ್ಪವನ್ನು ಅಳೆಯುವ ಯಂತ್ರ ಡೆನ್ಸಿಟೋಮೀಟರ್. ಅದರ ಲೆಕ್ಕದಲ್ಲಿ 0.3 ಅಂದರೆ ಅರ್ಧ ಬೆಳಕು ದಾಟುತ್ತದೆ, 1.0 ಅಂದರೆ ಹತ್ತರಲ್ಲಿ ಒಂದು ಪಾಲು, 2.0 ಅಂದರೆ ನೂರರಲ್ಲಿ ಒಂದು. ಕಲೆ ಇದ್ದ ನೆಗೆಟಿವನ್ನು ನೀಲಿ ಫಿಲ್ಟರ್ ಹಾಕಿಯೇ ಅಳೆಯಬೇಕು. ಚಿತ್ರವಿಲ್ಲದ ಅಂಚಿನಲ್ಲೂ ಚಿತ್ರದ ಮೇಲೂ ಹಳದಿ ಸಮನಾಗಿದ್ದು, ಅದರಿಂದ 0.3 ಹೆಚ್ಚಾಗಿದೆ ಅಂತಿಟ್ಟುಕೊಳ್ಳಿ. ಹತ್ತು ಸೆಕೆಂಡ್ ಬೆಳಕು ಕೊಡುವ ಕಡೆ ಇಪ್ಪತ್ತು ಸೆಕೆಂಡ್ ಕೊಟ್ಟರೆ ಮುಗಿಯಿತು. ಇಷ್ಟಕ್ಕೆ ತೂಕಕ್ಕೆ ಹಾಕುವುದೇ?

ಎಲ್ಲ ಕಾಗದಕ್ಕೂ ಈ ಲೆಕ್ಕ ನೇರವಾಗಿ ಕೂರುವುದಿಲ್ಲ, ನಿಜ. 1940ರಲ್ಲಿ ಇಲ್ಫೋರ್ಡ್ ತಂದ ಮಲ್ಟಿಗ್ರೇಡ್‌ನಂಥ ಕಾಗದಕ್ಕೆ ಹಸಿರೂ ಕಾಣುತ್ತದೆ. ನೀಲಿಗೆ ಚಿತ್ರ ಗಡುಸಾಗುತ್ತದೆ, ಹಸಿರಿಗೆ ಮೆದುವಾಗುತ್ತದೆ. ಹಳದಿ ಕಲೆ ನೀಲಿಯನ್ನು ನುಂಗಿ ಚಿತ್ರವನ್ನು ಮಂಕು ಮಾಡುತ್ತದೆ. ಅಲ್ಲಿ ಒಂದು ತುಂಡು ಕಾಗದದ ಮೇಲೆ ಟೆಸ್ಟ್ ಪ್ರಿಂಟ್ ತೆಗೆಯದೆ ಗತಿಯಿಲ್ಲ.

ಇನ್ನು ಕಲೆಯೆಲ್ಲ ಒಂದೇ ಜಾತಿಯದಲ್ಲ. ಹೈಪೋ ಸರಿಯಾಗಿ ತೊಳೆದು ಹೋಗದಿದ್ದರೆ ವರ್ಷ ಕಳೆದಂತೆ ಹಳದಿ ಬರುತ್ತದೆ. ಬೇಸಿಗೆಯಲ್ಲಿ ಒಂದೇ ಬಕೆಟ್ ನೀರಿನಲ್ಲಿ ದಿನದ ಫಿಲ್ಮೆಲ್ಲ ತೊಳೆದಿದ್ದರೆ ಯಾರನ್ನು ದೂರೋಣ? ಬೇಕೆಂದೇ ತರಿಸಿದ ಕಲೆಯೂ ಇದೆ. ಅಮೆರಿಕದ ಎಡ್ವರ್ಡ್ ವೆಸ್ಟನ್ ಬಳಸುತ್ತಿದ್ದ ಪೈರೋ ಡೆವಲಪರ್‌ನಲ್ಲಿ ಬೆಳ್ಳಿಯ ಜೊತೆ ಕಂದು-ಹಳದಿ ಬಣ್ಣವೂ ಕೂರುತ್ತದೆ, ಅಲ್ಲಿ ಬಣ್ಣವೇ ಚಿತ್ರದ ಒಂದು ಪಾಲು. ಅದನ್ನು ಕಂಪ್ಯೂಟರಿನಲ್ಲಿ 'ಕ್ಲೀನ್' ಮಾಡಿದರೆ ಚಿತ್ರವನ್ನೇ ಕಳೆದ ಹಾಗೆ.

ಮನೆಯಲ್ಲಿ ಇಂಥವು ಇದ್ದರೆ ಮೊಬೈಲಿನಲ್ಲೇ ಒಂದು ಮೋಟು ಅಳತೆ ಮಾಡಬಹುದು. ಒಂದು ಫೋನಿನ ಪರದೆಯನ್ನು ಪೂರ್ತಿ ಬಿಳಿ ಮಾಡಿ, ನೆಗೆಟಿವನ್ನು ಅದರಿಂದ ಎರಡು ಬೆರಳು ಮೇಲೆ ಹಿಡಿದು, ಅಂಚೂ ಸೇರುವಂತೆ ಇನ್ನೊಂದು ಫೋನಿನಲ್ಲಿ ಫೋಟೋ ತೆಗೆಯಿರಿ. ಫೋಟೋ ಆ್ಯಪ್‌ನ ಬ್ಲ್ಯಾಕ್ ಅಂಡ್ ವೈಟ್‌ನಲ್ಲಿ ಒಮ್ಮೆ ನೀಲಿ ಫಿಲ್ಟರ್, ಒಮ್ಮೆ ಕೆಂಪು ಫಿಲ್ಟರ್ ಹಾಕಿ. ಚಿತ್ರವೇ ಹಳದಿಗೆ ತಿರುಗಿ ಮಾಸಿದ್ದರೆ ನೀಲಿಯಲ್ಲಿ ಎದ್ದು ಬರುತ್ತದೆ. ಗಟ್ಟಿ ಚಿತ್ರದ ಮೇಲೆ ಅಲ್ಲಲ್ಲಿ ಹಳದಿ ಮಚ್ಚೆ ಬಿದ್ದಿದ್ದರೆ ಕೆಂಪಿನಲ್ಲಿ ಮಚ್ಚೆ ಕರಗುತ್ತದೆ. ಎರಡರಲ್ಲೂ ಏನೂ ಕಾಣದ್ದು ನಿಜಕ್ಕೂ ಹೋಗಿದೆ. ನಾವು ನೋಡಿದ ಡಬ್ಬಿಗಳಲ್ಲೂ ಅಂಥವು ಇದ್ದವು.

ಒಂದರಲ್ಲಿ ಮಾತ್ರ ನಾವೇ ಮೋಸ ಹೋದೆವು. ಹುಡುಗಿಯೊಬ್ಬಳ ಫೋಟೋ, ಅವಳ ಮುಖದ ಮೇಲಷ್ಟೇ ಕೆಂಪು ಕಲೆ. ಮಾಲೀಕರು ನಕ್ಕರು. "ಅದು ಕಲೆ ಅಲ್ರೀ, ನಾನೇ ಬ್ರಷ್‌ಲೆ ಹಚ್ಚಿದ ಬಣ್ಣ. ಹೆಣ್ಣು ತೋರ್ಸೋ ಫೋಟೋ ಅಂದ್ರ ಬೆಳ್ಳಗ ಮಾಡ್ರಿ ಅಂತಿದ್ರು." ಕೆಂಪು ನೀಲಿಯನ್ನು ತಡೆದಷ್ಟೂ ಪ್ರಿಂಟಿನಲ್ಲಿ ಮುಖ ಬಿಳಿಯಾಗುತ್ತದೆ. ಕೆಂಪು ಫಿಲ್ಟರ್ ಹಾಕಿ, ನೆಗೆಟಿವನ್ನು ಪಾಸಿಟಿವ್ ಮಾಡಿ ತೋರಿಸಿದೆವು. ಹಚ್ಚಿದ ಬಣ್ಣ ಮಾಯವಾಗಿ ಕಪ್ಪು ಹುಡುಗಿಯ ಮುಖ ಬಂತು. ಅವರು ಫೋನನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದರು.

ಎರಡು ಚೀಲ ಆಗಲೇ ತೂಕಕ್ಕೆ ಹೋಗಿದ್ದವು. ಉಳಿದ ಡಬ್ಬಿಗಳನ್ನು ಸದ್ಯಕ್ಕೆ ಮನೆಗೆ ಒಯ್ದಿದ್ದಾರೆ.