ಸಂಘದ ಜಾಲತಾಣಕ್ಕೆ ಯಾರ ಹಣ?

ವಾಕ್ ಮತ್ತು ಶ್ರವಣ ತಜ್ಞರ ಸಂಘಗಳು ನಮ್ಮ ನಾಡಿನಲ್ಲಿ ಗಾತ್ರದಲ್ಲಿ ಚಿಕ್ಕವು. ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂತಹ ದೊಡ್ಡ ವಿದ್ಯಾಕೇಂದ್ರ ದಶಕಗಳಿಂದ ಇದ್ದರೂ ಈ ವೃತ್ತಿಯ ಪರಿಚಯ ಜನಸಾಮಾನ್ಯರಿಗೆ ಅಷ್ಟಾಗಿ ಆಗಿಲ್ಲ. ಮಗುವಿಗೆ ಎರಡು ತುಂಬಿದರೂ ಮಾತು ಬಾರದಿದ್ದಾಗ ‘ಅವರಪ್ಪನೂ ತಡವಾಗಿಯೇ ಮಾತಾಡಿದ್ದು’ ಎಂದು ಸಮಾಧಾನ ಹೇಳುವ ಅಜ್ಜಿಯರು ಎಲ್ಲ ಊರುಗಳಲ್ಲೂ ಇದ್ದಾರೆ. ಆ ಸಮಾಧಾನದಲ್ಲಿ ಕಳೆದುಹೋಗುವ ತಿಂಗಳುಗಳು ಶ್ರವಣದೋಷವಿರುವ ಮಗುವಿನ ಪಾಲಿಗೆ ಮರಳಿ ಬಾರವು. ಹೀಗಿರುವಾಗ ಸಂಘಕ್ಕೊಂದು ಒಳ್ಳೆಯ ಜಾಲತಾಣ ಬೇಕೆಂಬುದರಲ್ಲಿ ಎರಡು ಮಾತಿಲ್ಲ. ಅದಕ್ಕೆ ಹಣ ಎಲ್ಲಿಂದ ಬರಬೇಕು ಎಂಬುದಷ್ಟೇ ತಕರಾರಿನ ವಿಷಯ.

ನಾನು ಸದಸ್ಯನಾಗಿರುವ ಸಂಘದ ಮುಂದೆ ಈಗ ಒಂದು ಪ್ರಸ್ತಾವವಿದೆ. ಶ್ರವಣ ಸಾಧನ ಮಾರುವ ಕಂಪನಿಯೊಂದು ಜಾಲತಾಣ ನಿರ್ಮಾಣದ ಸಂಪೂರ್ಣ ವೆಚ್ಚವನ್ನೂ ಮೂರು ವರ್ಷಗಳ ನಿರ್ವಹಣೆಯನ್ನೂ ತಾನೇ ಹೊರುವುದಾಗಿ ಹೇಳಿದೆ. ಪ್ರತಿಯಾಗಿ ಅದು ಕೇಳುತ್ತಿರುವುದು ಮುಖಪುಟದ ಮೂಲೆಯಲ್ಲಿ ತನ್ನ ಲಾಂಛನ ಮತ್ತು ‘ನಿಮ್ಮ ಸಮೀಪದ ಕೇಂದ್ರ’ ಎಂಬ ಒಂದು ಕೊಂಡಿ. ಹಿರಿಯರನೇಕರಿಗೆ ಇದರಲ್ಲಿ ತಪ್ಪೇನೂ ಕಾಣುತ್ತಿಲ್ಲ. ವಾರ್ಷಿಕ ಸಮ್ಮೇಳನದಲ್ಲಿ ಇದೇ ಕಂಪನಿಗಳು ಮಳಿಗೆ ಹಾಕುತ್ತವೆ, ಊಟದ ಖರ್ಚು ಕೊಡುತ್ತವೆ. ಜಾಲತಾಣಕ್ಕೆ ಮಾತ್ರ ಮಡಿವಂತಿಕೆ ಏಕೆ ಎಂಬುದು ಅವರ ಪ್ರಶ್ನೆ.

ಪ್ರಶ್ನೆ ನ್ಯಾಯವಾದುದೇ. ಆದರೆ ಸಮ್ಮೇಳನಕ್ಕೆ ಬರುವವರು ವೃತ್ತಿನಿರತರು. ಯಾವ ಯಂತ್ರ ಎಷ್ಟಕ್ಕೆ ಬಾಳುತ್ತದೆ ಎಂಬುದನ್ನು ಅವರು ಬಲ್ಲರು. ಜಾಲತಾಣಕ್ಕೆ ಬರುವವಳು ರಾತ್ರಿ ಹನ್ನೊಂದಕ್ಕೆ ಎಲ್ಲರೂ ಮಲಗಿದ ಮೇಲೆ ಮೊಬೈಲಿನಲ್ಲಿ ಹುಡುಕುವ ತಾಯಿ. ತಾನು ಓದುತ್ತಿರುವುದು ಸಂಘದ ಮಾತೋ ಅಂಗಡಿಯ ಮಾತೋ ಎಂದು ಆಕೆಗೆ ತಿಳಿಯುವುದಿಲ್ಲ. ಶ್ರವಣ ಸಾಧನಗಳ ಬೆಲೆಯಾದರೂ ಎಂಥದ್ದು? ಕೆಲವು ಸಾವಿರಗಳಿಂದ ಆರಂಭವಾಗಿ ಜೋಡಿಗೆ ಲಕ್ಷಗಳನ್ನು ಮುಟ್ಟುತ್ತದೆ. ಅನೇಕ ಕಡೆ ಕಿವಿಯನ್ನು ಪರೀಕ್ಷಿಸುವವರೇ ಸಾಧನವನ್ನೂ ಮಾರುತ್ತಾರೆ. ಈ ಇಬ್ಬಂದಿತನವನ್ನು ಹೊತ್ತೇ ನಡೆಯುತ್ತಿರುವ ವೃತ್ತಿಯೊಂದು ತನ್ನ ಹೆಬ್ಬಾಗಿಲಿಗೂ ವ್ಯಾಪಾರಿಯ ಫಲಕ ತೂಗುಹಾಕಿದರೆ, ರೋಗಿಯ ಪರವಾಗಿ ಮಾತನಾಡುವ ಜಾಗ ಎಲ್ಲಿಯೂ ಉಳಿಯುವುದಿಲ್ಲ.

ದೊಡ್ಡ ಸಂಘಗಳ ಅನುಭವ ನಮ್ಮ ಕಣ್ಣೆದುರಿಗಿದೆ. 2008ರಲ್ಲಿ ಭಾರತೀಯ ವೈದ್ಯಕೀಯ ಸಂಘವು ಪೆಪ್ಸಿಕೋ ಕಂಪನಿಯ ಟ್ರಾಪಿಕಾನಾ ಹಣ್ಣಿನ ರಸಕ್ಕೂ ಕ್ವೇಕರ್ ಓಟ್ಸ್‌ಗೂ ತನ್ನ ಹೆಸರು ಕೊಟ್ಟು ಟೀಕೆಗೆ ಗುರಿಯಾಯಿತು. ಭಾರತೀಯ ವೈದ್ಯಕೀಯ ಪರಿಷತ್ತು 2009ರ ಡಿಸೆಂಬರ್‌ನಲ್ಲಿ ಔಷಧ ಕಂಪನಿಗಳ ಉಡುಗೊರೆಗಳನ್ನು ನಿಷೇಧಿಸಿದಾಗ ಆ ನಿಯಮ ವೈದ್ಯರ ಜತೆಗೆ ವೈದ್ಯರ ಸಂಘಗಳಿಗೂ ಅನ್ವಯಿಸುವಂತಿತ್ತು. 2016ರ ತಿದ್ದುಪಡಿಯಲ್ಲಿ ಸಂಘಗಳನ್ನು ಸದ್ದಿಲ್ಲದೆ ಕೈಬಿಡಲಾಯಿತು. ವ್ಯಕ್ತಿಗೆ ನಿಷಿದ್ಧವಾದದ್ದು ಗುಂಪಿಗೆ ಹೇಗೆ ಪಥ್ಯವಾಗುತ್ತದೆಯೋ ನನಗಂತೂ ಅರ್ಥವಾಗಿಲ್ಲ. ನಾವು ವೈದ್ಯರಲ್ಲ, 1992ರ ಕಾಯ್ದೆಯನ್ವಯ ರಚನೆಯಾದ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿತರು. ವೈದ್ಯಕೀಯ ಸಾಧನಗಳ ಕಂಪನಿಗಳಿಗಾಗಿ ಕೇಂದ್ರ ಸರ್ಕಾರ 2024ರಲ್ಲಿ ಮಾರುಕಟ್ಟೆ ನೀತಿಸಂಹಿತೆಯೊಂದನ್ನು ಹೊರಡಿಸಿತಾದರೂ ಅದರ ಮುಖ್ಯ ಹೊಣೆ ಕಂಪನಿಗಳದ್ದು. ನಮ್ಮ ಹೊಸ್ತಿಲನ್ನು ನಾವೇ ಕಾಯಬೇಕು.

ಹಾಗಾದರೆ ಹಣ? ನೂರೈವತ್ತು ಸದಸ್ಯರಿರುವ ಸಂಘವೊಂದು ತಲಾ 300 ರೂಪಾಯಿ ವಾರ್ಷಿಕ ವಂತಿಗೆ ಎತ್ತಿದರೆ 45,000 ರೂಪಾಯಿ ಕೂಡುತ್ತದೆ. ಡಾಟ್ ಇನ್ ಎಂದು ಕೊನೆಗೊಳ್ಳುವ ಹೆಸರಿಗೆ ವರ್ಷಕ್ಕೆ ಸಾವಿರ ರೂಪಾಯಿಯೊಳಗಿನ ಖರ್ಚು. ಸರ್ವರ್‌ನಲ್ಲಿ ಜಾಗಕ್ಕೆ ಇನ್ನು ಕೆಲವು ಸಾವಿರ. ವರ್ಡ್‌ಪ್ರೆಸ್‌ನಂತಹ ಮುಕ್ತ ತಂತ್ರಾಂಶ ಉಚಿತವಾಗಿಯೇ ದೊರೆಯುತ್ತದೆ. ಉಳಿದ ಹಣವನ್ನು ಮೊದಲ ವರ್ಷ ವಿನ್ಯಾಸಕ್ಕೆ, ಆಮೇಲೆ ತಿಂಗಳಿಗೊಮ್ಮೆ ಮಾಹಿತಿ ತಿದ್ದುವವರ ಸಂಭಾವನೆಗೆ ಬಳಸಬಹುದು. ಓಡಾಡುವ ಚಿತ್ರಗಳು, ಪದಾಧಿಕಾರಿಗಳ ಹಾರ ತುರಾಯಿಯ ಛಾಯಾಚಿತ್ರಗಳು ಯಾರಿಗೂ ಬೇಕಿಲ್ಲ. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಮುನ್ನೂರೂ ಭಾರವೆನ್ನುವುದಾದರೆ ಅವರಿಗೆ ಅರ್ಧ ವಂತಿಗೆ ಇರಲಿ.

ಹಣಕ್ಕಿಂತ ಹೆಚ್ಚಿನ ಎಚ್ಚರ ಬೇಕಾದದ್ದು ಹೆಸರಿನ ಒಡೆತನದಲ್ಲಿ. ನನಗೆ ತಿಳಿದ ಜಿಲ್ಲಾ ಸಂಘವೊಂದರ ಜಾಲತಾಣದ ಹೆಸರನ್ನು ಅದನ್ನು ಕಟ್ಟಿಕೊಟ್ಟ ಹುಡುಗ ತನ್ನದೇ ಇಮೇಲ್ ವಿಳಾಸದಲ್ಲಿ ನೋಂದಾಯಿಸಿಕೊಂಡಿದ್ದ. ಆತ ಊರು ಬಿಟ್ಟ, ಫೋನ್ ಬದಲಾಯಿಸಿದ. ನವೀಕರಣದ ನೆನಪೋಲೆ ಯಾರಿಗೂ ತಲಪಲಿಲ್ಲ. ಅವಧಿ ಮುಗಿದ ಹೆಸರನ್ನು ಯಾರೋ ಕೊಂಡರು. ಸಂಘದ ಹಳೆಯ ಕರಪತ್ರಗಳಲ್ಲಿ ಅಚ್ಚಾಗಿರುವ ಆ ವಿಳಾಸವನ್ನು ತೆರೆದರೆ ಈಗ ಕಾಣುವುದು ಜೂಜಿನ ಜಾಹೀರಾತು. ಬ್ಯಾಂಕ್ ಖಾತೆಯಂತೆಯೇ ಇದಕ್ಕೂ ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ ಮೂವರೂ ಹೊಣೆಗಾರರಾಗಿರಬೇಕು. ಪಾಸ್‌ವರ್ಡ್ ನಡವಳಿ ಪುಸ್ತಕದಷ್ಟೇ ಜೋಪಾನವಾಗಿ ಹೊಸ ಸಮಿತಿಗೆ ಹಸ್ತಾಂತರವಾಗಬೇಕು.

ಇನ್ನು ಭಾಷೆ. ಹಳೆಯ ನುಡಿ, ಬರಹ ಅಕ್ಷರಗಳಲ್ಲಿ ಬೆರಳಚ್ಚು ಮಾಡಿದ ಕಡತವನ್ನು ಯೂನಿಕೋಡ್‌ಗೆ ಪರಿವರ್ತಿಸದೆ ಹಾಗೆಯೇ ಏರಿಸಿದರೆ ಗೂಗಲ್‌ನಲ್ಲಿ ಹುಡುಕುವವರಿಗೆ ಅದು ಸಿಗುವುದಿಲ್ಲ. ‘ಶ್ರವಣನ್ಯೂನತೆ’ ಎಂದು ನಾವು ಬರೆಯುತ್ತೇವೆ. ‘ಮಗುವಿಗೆ ಕಿವಿ ಕೇಳಿಸಲ್ಲ’ ಎಂದು ಜನ ಹುಡುಕುತ್ತಾರೆ. ಎರಡೂ ಪುಟದಲ್ಲಿರಬೇಕು. ಶ್ರವಣದೋಷವಿರುವ ಹೆತ್ತವರಿಗಾಗಿ ಸಂಜ್ಞಾ ಭಾಷೆಯ ವಿಡಿಯೊ ಇಲ್ಲದಿದ್ದರೆ ಅಂಥ ತಾಣವನ್ನು ನಮ್ಮ ವೃತ್ತಿಯವರು ಕಟ್ಟಿದ್ದೆಂದು ಹೇಳಿಕೊಳ್ಳಲು ನಾಚಿಕೆಪಡಬೇಕಾಗುತ್ತದೆ.

ಎಲ್ಲಕ್ಕಿಂತ ಉಪಯುಕ್ತವಾದ ಪುಟ ಸದಸ್ಯರ ಪಟ್ಟಿ: ಹೆಸರು, ಊರು, ಪರಿಷತ್ತಿನ ನೋಂದಣಿ ಸಂಖ್ಯೆ, ಮಕ್ಕಳನ್ನು ನೋಡುತ್ತಾರೆಯೇ, ಯಾವ ಭಾಷೆಗಳಲ್ಲಿ ಚಿಕಿತ್ಸೆ ನೀಡುತ್ತಾರೆ ಎಂಬ ವಿವರ. ಇದಕ್ಕೆ ಇನ್ನೊಂದು ಅಂಕಣ ಸೇರಬೇಕೆಂಬುದು ನನ್ನ ಆಗ್ರಹ. ಶ್ರವಣ ಸಾಧನ ಮಾರುತ್ತಾರೆಯೇ, ಹೌದಾದರೆ ಯಾವ ಕಂಪನಿಗಳದ್ದು? ಸಮಿತಿಯಲ್ಲಿ ಕಂಪನಿಯ ಲಾಂಛನಕ್ಕಿಂತ ಹೆಚ್ಚು ಬಿಸಿ ಚರ್ಚೆಯಾದದ್ದು ಈ ಅಂಕಣದ ಮೇಲೆಯೇ. ಗಿರಾಕಿಗಳು ಅನುಮಾನಪಟ್ಟಾರು ಎಂದು ಒಬ್ಬರು ಅಂಜಿದರು. ಸಾಧನ ಮಾರುವ ಬಹುಪಾಲು ಸಹೋದ್ಯೋಗಿಗಳು ಪ್ರಾಮಾಣಿಕರೆಂದು ನಾನು ಬಲ್ಲೆ. ಸಣ್ಣ ಊರಿನಲ್ಲಿ ಅವರು ಮಾರದಿದ್ದರೆ ಸಾಧನ ಸಿಗುವುದೇ ಇಲ್ಲ. ಪ್ರಾಮಾಣಿಕರಿಗೆ ಆ ಅಂಕಣ ತುಂಬಲು ಅಡ್ಡಿಯೇನೂ ಇರಲಾರದು. ಪಟ್ಟಿಯ ಮೊದಲ ಸಾಲಿನಲ್ಲಿ ಪದಾಧಿಕಾರಿಗಳ ವಿವರವೇ ಬರಲಿ. ಉಳಿದವರು ಅದನ್ನು ನೋಡಿ ತಮ್ಮದನ್ನು ಕಳಿಸುತ್ತಾರೆ.