ಎದ್ದ ಮೇಲೆ ವಾಂತಿ ಬರುತ್ತಾ?

ಟಾನ್ಸಿಲ್ ಆಪರೇಷನ್ನಿಗೆಂದು ಒಂಬತ್ತು ವರ್ಷದ ಹುಡುಗಿಯೊಬ್ಬಳು ಬಂದಿದ್ದಳು. ಅರಿವಳಿಕೆ ಕೊಡಬೇಕಾದವಳು ನಾನು. ಹಿಂದಿನ ದಿನ ನೋಡಲು ಹೋದಾಗ ಅವಳು ಸೂಜಿಯ ಬಗ್ಗೆ ಕೇಳಲಿಲ್ಲ, ನೋವಿನ ಬಗ್ಗೆಯೂ ಕೇಳಲಿಲ್ಲ. "ಆಂಟಿ, ಎದ್ದ ಮೇಲೆ ವಾಂತಿ ಬರುತ್ತಾ?" ಎಂದಳು.

ತಾಯಿ ನಕ್ಕರು. "ಆಗುಂಬೆ ಘಾಟಿಯ ಎರಡನೇ ತಿರುವಿಗೇ ಇವಳಿಗೆ ಕವರ್ ಬೇಕು ಡಾಕ್ಟ್ರೇ. ನನಗೂ ಪಿತ್ತಕೋಶದ ಕಲ್ಲು ತೆಗೆದಾಗ ರಾತ್ರಿಯಿಡೀ ವಾಂತಿ." ನಗುತ್ತಾ ಹೇಳಿದ ಈ ಎರಡು ಮಾತು ನನಗೆ ರಕ್ತಪರೀಕ್ಷೆಯ ವರದಿಗಿಂತ ಹೆಚ್ಚು ಉಪಯೋಗಕ್ಕೆ ಬಂದವು.

ನಮ್ಮ ಮಿದುಳಿನ ಬುಡದಲ್ಲಿ ಒಂದು ಪುಟ್ಟ ಕಾವಲು ಠಾಣೆ ಇದೆ. ರಕ್ತದಲ್ಲಿ ವಿಷದಂಥದ್ದು ಬಂದರೆ 'ಹೊರಗೆ ಹಾಕು' ಎಂದು ಹೊಟ್ಟೆಗೆ ಆಜ್ಞೆ ಕೊಡುವುದು ಅದರ ಕೆಲಸ. ಅರಿವಳಿಕೆಯ ಅನಿಲ, ಮಾರ್ಫಿನ್‌ನಂಥ ನೋವುನಿವಾರಕ ಎರಡೂ ಅದನ್ನು ಕೆಣಕುತ್ತವೆ. 1846ರಲ್ಲಿ ಬೋಸ್ಟನ್ನಿನಲ್ಲಿ ಈಥರ್ ಕೊಟ್ಟು ಎಲ್ಲರೆದುರು ಆಪರೇಷನ್ ಮಾಡಿ ತೋರಿಸಿದ ಕಾಲದಿಂದಲೂ ಈ ಕಾಟ ಇದ್ದದ್ದೇ.

ಎಲ್ಲರಿಗೂ ಒಂದೇ ಸಮ ಅಲ್ಲ. ದೊಡ್ಡವರಲ್ಲಿ ನಾವು ನಾಲ್ಕು ವಿಷಯ ನೋಡುತ್ತೇವೆ: ಹೆಂಗಸರೇ, ಸಿಗರೇಟು ಸೇದದವರೇ, ಪ್ರಯಾಣದಲ್ಲಿ ಅಥವಾ ಹಿಂದಿನ ಆಪರೇಷನ್ನಿನಲ್ಲಿ ವಾಂತಿ ಆಗಿತ್ತೇ, ನಂತರ ಮಾರ್ಫಿನ್ ಜಾತಿಯ ಔಷಧ ಬೇಕಾಗುತ್ತದೆಯೇ. ಯಾವುದೂ ಇಲ್ಲದಿದ್ದರೆ ನೂರರಲ್ಲಿ ಸುಮಾರು 10 ಜನರಿಗೆ ತೊಂದರೆ. ನಾಲ್ಕೂ ಇದ್ದರೆ ಸುಮಾರು 80 ಜನರಿಗೆ. (ಸೇದುವ ಅಪ್ಪಂದಿರು ಇದನ್ನೇ ನೆಪ ಮಾಡಿಕೊಳ್ಳಬೇಡಿ. ನಿಮ್ಮ ಶ್ವಾಸಕೋಶ ನಮಗೆ ಕೊಡುವ ಕಾಟ ಬೇರೆಯೇ ಇದೆ.) ಮಕ್ಕಳಲ್ಲಿ ಮೂರು ವರ್ಷ ದಾಟಿದ್ದರೆ, ಆಪರೇಷನ್ ಅರ್ಧ ಗಂಟೆ ಮೀರಿದರೆ, ಮೆಳ್ಳೆಗಣ್ಣು ಸರಿಪಡಿಸುವ ಆಪರೇಷನ್ ಆದರೆ, ಮನೆಯವರಲ್ಲಿ ಯಾರಿಗಾದರೂ ಹೀಗೆ ಆಗಿದ್ದರೆ ಹೆಚ್ಚು. ಅದಕ್ಕೇ ಹೇಳುವುದು, ಕೇಳದಿದ್ದರೂ ನೀವೇ ಬಾಯಿಬಿಟ್ಟು ಹೇಳಿ.

ಗೊತ್ತಾದರೆ ಉಪಾಯ ಬೇಕಾದಷ್ಟಿದೆ. ಅನಿಲದ ಬದಲು ಪ್ರೊಪೊಫಾಲ್ ಎಂಬ ಔಷಧವನ್ನು ರಕ್ತನಾಳದಲ್ಲೇ ಹರಿಸುತ್ತೇವೆ. ಒಂಡಾನ್ಸೆಟ್ರಾನ್, ಡೆಕ್ಸಾಮೆಥಾಸೋನ್ ಎರಡನ್ನೂ ನಿದ್ದೆಯಲ್ಲೇ ಕೊಡುತ್ತೇವೆ. ಪ್ಯಾರಸಿಟಮಾಲ್ ಸೇರಿಸಿ ಮಾರ್ಫಿನ್ ಕಡಿಮೆ ಮಾಡುತ್ತೇವೆ. ಆ ಹುಡುಗಿಗೆ ಇನ್ನೊಂದನ್ನೂ ಕಲಿಸಿದೆ: ಅಂಗೈ ಮೇಲೆ ಮಾಡಿ, ಮಣಿಕಟ್ಟಿನ ಗೆರೆಯಿಂದ ಮೊಣಕೈ ಕಡೆಗೆ ಅವಳದೇ ಮೂರು ಬೆರಳಗಲ ಬಿಟ್ಟು, ಎರಡು ಸ್ನಾಯುಗಳ ನಡುವೆ ಒತ್ತುವುದು. ಇದರಿಂದ ಓಕರಿಕೆ ತಗ್ಗುತ್ತದೆ ಎಂದು ಪರೀಕ್ಷೆಗಳಲ್ಲೂ ಕಂಡಿದೆ.

ಇಷ್ಟೆಲ್ಲ ತಯಾರಿ ಮಾಡಿಕೊಂಡು ಮರುದಿನ ಬೆಳಿಗ್ಗೆ ಹೋದರೆ ಹುಡುಗಿ ನನ್ನ ಕಿವಿಯಲ್ಲಿ ಪಿಸುಗುಟ್ಟಿದಳು. "ಅಜ್ಜಿ ಹಾಲು ಕೊಟ್ರು. ಅರ್ಧ ಲೋಟ. ಅಜ್ಜಿಗೆ ಬೈಬೇಡಿ."

ಬೈಯಲಿಲ್ಲ. ಆದರೆ ಆಪರೇಷನ್ ಮಧ್ಯಾಹ್ನಕ್ಕೆ ಹೋಯಿತು. ತಿಳಿನೀರನ್ನು ಎರಡು ಗಂಟೆ ಮುಂಚಿನವರೆಗೂ ಕುಡಿಯಬಹುದು. ಹಸುವಿನ ಹಾಲು, ಇಡ್ಲಿಯಂಥ ಹಗುರ ತಿಂಡಿಗೆ ಆರು ಗಂಟೆ ಬೇಕು; ಕರಿದದ್ದಕ್ಕೆ ಎಂಟು. ಎಚ್ಚರವಿರುವಾಗ ವಾಂತಿ ಬಂದರೆ ಬರೀ ಕಷ್ಟ. ಅರಿವಳಿಕೆಯಲ್ಲಿ ಬಂದರೆ ಹೊಟ್ಟೆಯಲ್ಲಿದ್ದದ್ದು ಶ್ವಾಸಕೋಶಕ್ಕೆ ಇಳಿದು ಜೀವಕ್ಕೇ ಕುತ್ತಾಗಬಹುದು. ಅಜ್ಜಿ ಪಾಪ, ಮಗು ಹಸಿದಿದೆ ಎಂದಷ್ಟೇ ಯೋಚಿಸಿದ್ದರು. ಮಕ್ಕಳೇ, ಅವಳ ಹಾಗೆ ಹೇಳಿಬಿಡಿ. ಯಾವ ಡಾಕ್ಟರೂ ಅದಕ್ಕೆ ಸಿಟ್ಟಾಗುವುದಿಲ್ಲ.

ಎದ್ದ ಮೇಲೆ 'ಕುಡಿ ಕುಡಿ' ಎಂದು ಒತ್ತಾಯ ಬೇಡ. ಬಾಯಾರಿದೆ ಎಂದಾಗ ಒಂದೊಂದೇ ಗುಟುಕು ಸಾಕು. ಟಾನ್ಸಿಲ್ ತೆಗೆದಾಗ ನುಂಗಿದ ರಕ್ತದಿಂದಾಗಿ ಕಂದು ಬಣ್ಣದ ವಾಂತಿ ಒಮ್ಮೆ ಆಗುವುದುಂಟು. ಆದರೆ ಮನೆಗೆ ಹೋದ ಮೇಲೆ ಕೆಂಪು ರಕ್ತ ಕಂಡರೆ, ವಾಂತಿ ನಿಲ್ಲದಿದ್ದರೆ, ಅಥವಾ ಮಲಗಿದ ಮಗು ಪದೇ ಪದೇ ಏನನ್ನೋ ನುಂಗುತ್ತಿದ್ದರೆ ಬೆಳಗಾಗಲಿ ಎಂದು ಕಾಯಬೇಡಿ, ಮಧ್ಯರಾತ್ರಿಯಾದರೂ ಆಸ್ಪತ್ರೆಗೆ ಕರೆತನ್ನಿ.

ನಮ್ಮ ಹುಡುಗಿಗೆ ಆ ದಿನ ಒಂದು ಸಲವೂ ವಾಂತಿ ಆಗಲಿಲ್ಲ. ವಾರ ಬಿಟ್ಟು ತಪಾಸಣೆಗೆ ಬರುವಾಗ ಮಾತ್ರ ಘಾಟಿಯಲ್ಲಿ ಎರಡು ಸಲ ಆಯಿತಂತೆ.