ನನ್ನ ಪಾಲಿನ ಎಂಬತ್ತು ಶೀರ್ಷಿಕೆಗಳು

ನಮ್ಮ ತಂಡದ ವರದಿಯಲ್ಲಿ ಒಂದು ಸುಳ್ಳು ವಾಕ್ಯವಿತ್ತು. ಬೇಕೆಂದು ಬರೆದದ್ದಲ್ಲ. ‘ಪರಿಕಲ್ಪನಾ ನಕ್ಷೆಯ ಕುರಿತ ಅಧ್ಯಯನಗಳು ಇತ್ತೀಚಿನ ವರ್ಷಗಳಲ್ಲಿ ಕಡಿಮೆಯಾಗಿವೆ’ ಎಂದು ನಾವು ಸೆಮಿನಾರಿನಲ್ಲಿ ಓದಿದೆವು. ‘ಇದಕ್ಕೆ ಆಧಾರ ಏನಮ್ಮಾ?’ ಎಂದು ಮೇಡಂ ಕೇಳಿದಾಗ ಕೋಷ್ಟಕ ತೋರಿಸಿದೆ. ಆ ರಾತ್ರಿ ಹಾಸ್ಟೆಲಿನಲ್ಲಿ ಅದೇ ಕೋಷ್ಟಕವನ್ನು ಮತ್ತೆ ನೋಡುತ್ತಿದ್ದಾಗ ಹೊಳೆಯಿತು: ಇತ್ತೀಚಿನ ವರ್ಷಗಳ ಪಟ್ಟಿಯನ್ನು ಜರಡಿ ಹಿಡಿದವಳು ನಾನೊಬ್ಬಳೇ.

ಪ್ರೌಢಶಾಲಾ ವಿಜ್ಞಾನ ಕಲಿಕೆಯಲ್ಲಿ ಪರಿಕಲ್ಪನಾ ನಕ್ಷೆಯ ಪರಿಣಾಮ ಕುರಿತು ಪುಟ್ಟದೊಂದು ವ್ಯವಸ್ಥಿತ ಸಾಹಿತ್ಯ ವಿಮರ್ಶೆ ಮಾಡುವುದು ನಮ್ಮ ಗುಂಪು ಚಟುವಟಿಕೆಯಾಗಿತ್ತು. ಎರಿಕ್ ಮತ್ತು ಶೋಧಗಂಗಾದಲ್ಲಿ ಹುಡುಕಿ, ನಕಲುಗಳನ್ನು ತೆಗೆದ ಮೇಲೆ 320 ಶೀರ್ಷಿಕೆಗಳು ಉಳಿದವು. ನಾಲ್ವರಿದ್ದೆವು, ತಲಾ 80. ಎಕ್ಸೆಲ್ ಹಾಳೆ ವರ್ಷದ ಕ್ರಮದಲ್ಲಿತ್ತು, ಹಾಗೆಯೇ ನಾಲ್ಕು ತುಂಡು ಮಾಡಿದೆವು. ಹಂಚಿಕೆ ಐದು ನಿಮಿಷದಲ್ಲಿ ಮುಗಿಯಿತು. ಬೋಧನಾಭ್ಯಾಸದ ದಿನಗಳವು, ಪಾಠಯೋಜನೆ ಬರೆದು ಮುಗಿಸುವಷ್ಟರಲ್ಲಿ ಹತ್ತು ಗಂಟೆಯಾಗುತ್ತಿತ್ತು. ಸಮಪಾಲು ಎಂದ ಮೇಲೆ ನ್ಯಾಯವಾಯಿತು ಎಂದೇ ಎಲ್ಲರೂ ತಿಳಿದೆವು.

ಎಡವಿದ್ದು ‘ಪ್ರೌಢಶಾಲೆ’ ಎಂಬ ಒಂದೇ ಪದದಲ್ಲಿ. ನಮ್ಮ ರಾಜ್ಯದಲ್ಲಿ ಹೈಸ್ಕೂಲು ಎಂದರೆ 8ರಿಂದ 10ನೇ ತರಗತಿ. 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಎಂಟನೇ ತರಗತಿ ಪ್ರಾಥಮಿಕ ಶಿಕ್ಷಣದೊಳಗೇ ಬರುತ್ತದೆ. ಅಮೆರಿಕದಲ್ಲಿ ಸಾಮಾನ್ಯವಾಗಿ ಆರರಿಂದ ಎಂಟು ‘ಮಿಡ್ಲ್ ಸ್ಕೂಲ್’. ಶೀರ್ಷಿಕೆಯಲ್ಲಿ ‘ಹಿರಿಯ ಪ್ರಾಥಮಿಕ’ ಅಥವಾ ‘ಮಿಡ್ಲ್ ಸ್ಕೂಲ್’ ಎಂದು ಕಂಡದ್ದನ್ನೆಲ್ಲ ನಾನು ಸಾರಾಂಶ ಓದದೆ ಕೈಬಿಟ್ಟೆ. ಪಕ್ಕದ ಕೋಣೆಯ ಗೆಳತಿ ಸಾರಾಂಶ ತೆರೆದು, ಎಂಟನೇ ತರಗತಿಯ ಮಕ್ಕಳಿದ್ದರೆ ಉಳಿಸಿಕೊಂಡಿದ್ದಳು. ಅವಳು ಉಳಿಸಿದ್ದು 16, ನಾನು ಉಳಿಸಿದ್ದು 4. ಎಂಟನೇ ತರಗತಿಯ ದ್ಯುತಿಸಂಶ್ಲೇಷಣೆ ಪಾಠದ ಮೇಲಿನ ಒಂದು ಒಳ್ಳೆಯ ಪ್ರಯೋಗ ನನ್ನ ಪಾಲಿಗೆ ಬಂದಿದ್ದರಿಂದ ಹೊರಗೆ ಹೋಯಿತು. ಅವಳ ಪಾಲಿಗೆ ಬಿದ್ದಿದ್ದರೆ ಒಳಗಿರುತ್ತಿತ್ತು. ವರ್ಷದ ಪ್ರಕಾರ ಹಂಚಿಕೊಂಡದ್ದರಿಂದ ನನ್ನ ಬಿಗಿತನ ಒಂದು ಕಾಲಘಟ್ಟದ ಮೇಲೆಯೇ ಬಿತ್ತು. ಕನಿಷ್ಠ ಶೀರ್ಷಿಕೆಗಳನ್ನು ಕಲಸಿ ಹಂಚಿದ್ದರೆ ತಪ್ಪು ಎಲ್ಲ ಕಡೆ ಚದುರಿ, ಇಲ್ಲದ ಇಳಿಕೆಯೊಂದು ಕಾಣುತ್ತಿರಲಿಲ್ಲ.

ಈ ಕೆಲಸದಲ್ಲಿ ಪಳಗಿದವರು ಮೊದಲು ಹಂಚಿಕೊಳ್ಳುವುದಿಲ್ಲ. ಒಂದಷ್ಟು ಶೀರ್ಷಿಕೆಗಳನ್ನು ಎಲ್ಲರೂ ಬೇರೆಬೇರೆಯಾಗಿ ನೋಡಿ, ಎಲ್ಲಿ ಭಿನ್ನಾಭಿಪ್ರಾಯ ಬಂತೆಂದು ಚರ್ಚಿಸಿ, ಮಾನದಂಡದ ಮಾತುಗಳನ್ನು ತಿದ್ದುತ್ತಾರೆ. ವೈದ್ಯಕೀಯ ವಿಮರ್ಶೆಗಳಿಗೆ ಹೆಸರಾದ ಕಾಕ್ರೇನ್ ಸಂಸ್ಥೆಯ ಕೈಪಿಡಿಯ ಪ್ರಕಾರ ಒಂದು ಅಧ್ಯಯನ ಸೇರಬೇಕೋ ಬೇಡವೋ ಎಂಬುದನ್ನು ಕನಿಷ್ಠ ಇಬ್ಬರು ಸ್ವತಂತ್ರವಾಗಿ ನಿರ್ಧರಿಸಬೇಕು. ಆರಂಭದ ಶೀರ್ಷಿಕೆ-ಸಾರಾಂಶದ ಹಂತವನ್ನು ಒಬ್ಬರೇ ನೋಡಲು ಅಲ್ಲಿಯೂ ಅವಕಾಶವಿದೆ, ಆದರೆ ಇಬ್ಬರು ನೋಡುವುದೇ ಮೇಲು. ರಯ್ಯಾನ್ ಎಂಬ ಸಾಫ್ಟ್‌ವೇರ್‌ನಲ್ಲಿ ಒಬ್ಬರ ತೀರ್ಪು ಇನ್ನೊಬ್ಬರಿಗೆ ಕಾಣದಂತೆ ಮುಚ್ಚಿಡಬಹುದು. ನಮಗದು ಬಹಳ ಬೇಕಿತ್ತು. ವಾಟ್ಸಾಪಿನಲ್ಲಿ ‘ಇದು ಬೇಡ ಅಲ್ವಾ?’ ಎಂದು ಕೇಳಿದರೆ ‘ಹೌದು’ ಎನ್ನುವುದೇ ನಮ್ಮ ಅಭ್ಯಾಸ.

ಒಮ್ಮತ ಎಷ್ಟಿದೆ ಎಂದು ಅಳೆಯುವಾಗಲೂ ಮೋಸಹೋಗಬಹುದು. 50 ಶೀರ್ಷಿಕೆಗಳಲ್ಲಿ ಇಬ್ಬರೂ 10ನ್ನು ಉಳಿಸಿ, 30ನ್ನು ಬಿಟ್ಟು, ಉಳಿದ ಹತ್ತರಲ್ಲಿ ತಲಾ 5ನ್ನು ಒಬ್ಬೊಬ್ಬರೇ ಉಳಿಸಿಕೊಂಡರು ಎನ್ನಿ. ಶೇ. 80 ಹೊಂದಾಣಿಕೆ, ಭೇಷ್ ಎನಿಸುತ್ತದೆ. ಆದರೆ ಹೆಚ್ಚಿನವನ್ನು ಬಿಡುವವರೇ ಇಬ್ಬರೂ ಆದಾಗ ಶೇ. 58ರಷ್ಟು ಹೊಂದಾಣಿಕೆಯನ್ನು ಆಕಸ್ಮಿಕವಾಗಿಯೇ ನಿರೀಕ್ಷಿಸಬಹುದು. ಅದನ್ನು ಕಳೆದು ಲೆಕ್ಕ ಹಾಕುವುದು ಜೇಕಬ್ ಕೋಹೆನ್ 1960ರಲ್ಲಿ ಕೊಟ್ಟ ಕಪ್ಪಾ ಸೂಚ್ಯಂಕ. ಇಲ್ಲಿ ಬರುವುದು ಬರೀ 0.52. ಬಿ.ಎಸ್ಸಿ.ಯಲ್ಲಿ ಸಂಖ್ಯಾಶಾಸ್ತ್ರ ಓದಿದ್ದರೂ ಇದರ ಬಿಸಿ ತಟ್ಟಿದ್ದು ಈಗಲೇ.

‘ನಾಲ್ವರೂ ಡಬಲ್ ಕೆಲಸ ಮಾಡೋಕೆ ನಾವೇನು ಪಿಎಚ್.ಡಿ. ಮಾಡ್ತಿದೀವಾ?’ ಎಂದ ಗೆಳೆಯನ ಮಾತನ್ನು ತಳ್ಳಿಹಾಕಲಾರೆ. ಸಮಯ ನಿಜಕ್ಕೂ ಇಲ್ಲ. ಹಾಗಿದ್ದರೆ ಪ್ರಶ್ನೆಯನ್ನು ಕಿರಿದು ಮಾಡಿಕೊಳ್ಳಬೇಕಿತ್ತು ಎಂಬುದು ನನ್ನ ಅಭಿಪ್ರಾಯ. ಇಡೀ ವಿಜ್ಞಾನದ ಬದಲು ಜೀವಶಾಸ್ತ್ರವೊಂದನ್ನೇ ಹಿಡಿದಿದ್ದರೆ ಪಟ್ಟಿ ಎಷ್ಟೋ ಚಿಕ್ಕದಾಗುತ್ತಿತ್ತು, ಪ್ರತಿಯೊಂದನ್ನೂ ಇಬ್ಬರು ನೋಡಬಹುದಿತ್ತು. ನಾವು ಪ್ರಶ್ನೆಯನ್ನು ದೊಡ್ಡದಾಗಿಟ್ಟು ಎರಡನೆಯ ಜೋಡಿ ಕಣ್ಣನ್ನು ಉಳಿತಾಯ ಮಾಡಿದೆವು. ನಮ್ಮ ಕಾಲೇಜಿನ ಗುಂಪು ಚಟುವಟಿಕೆಗಳೆಲ್ಲ ಹೆಚ್ಚುಕಡಿಮೆ ಹೀಗೆಯೇ: ಅಧ್ಯಾಯ ತುಂಡು ಮಾಡಿ, ಬರೆದು, ಕೊನೆಯ ದಿನ ಸ್ಪೈರಲ್ ಬೈಂಡಿಂಗ್. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಓದಿದ್ದಾರೆಯೇ ಎಂದು ಅಂಕಪಟ್ಟಿಯಲ್ಲಿ ಕೇಳುವ ಕಾಲಂ ಇಲ್ಲ. ಇದ್ದರೆ ಒಳ್ಳೆಯದೆಂದು ಉಪನ್ಯಾಸಕರಲ್ಲಿ ವಿನಂತಿಸುತ್ತೇನೆ. ನಾಳೆ ನಾವೇ ಉತ್ತರಪತ್ರಿಕೆಗಳ ಕಟ್ಟು ಹಂಚಿಕೊಳ್ಳುವವರು. ಯಾವ ಕಟ್ಟಿಗೆ ಬಿದ್ದೆ ಎಂಬುದರ ಮೇಲೆ ಮಗುವಿನ ಅಂಕ ನಿಲ್ಲಬಾರದಲ್ಲವೇ?

ನನ್ನ 80 ಶೀರ್ಷಿಕೆಗಳನ್ನು ಗೆಳತಿ ಮತ್ತೆ ನೋಡಿದಳು, ಅವಳದ್ದನ್ನು ನಾನು. ‘ಎಂಟನೇ ತರಗತಿ ಇದ್ದರೆ ಸೇರಿಸಿ; ಅನುಮಾನವಿದ್ದರೆ ಪೂರ್ಣ ಲೇಖನ ಓದುವವರೆಗೆ ಬಿಡಬೇಡಿ’ ಎಂದು ಮಾನದಂಡಕ್ಕೆ ಸೇರಿಸಿದೆವು. ನನ್ನ 4 ಈಗ 13 ಆಗಿದೆ. ಮೂರರ ಬಗ್ಗೆ ನಮ್ಮಿಬ್ಬರಿಗೂ ಒಮ್ಮತವಾಗಲಿಲ್ಲ, ಅವನ್ನು ‘ಪಿಎಚ್.ಡಿ.ನಾ’ ಎಂದು ಕೇಳಿದ ಗೆಳೆಯನಿಗೇ ಕೊಟ್ಟಿದ್ದೇವೆ. ತಿದ್ದಿದ ವರದಿಯಲ್ಲಿ ಆ ಇಳಿಕೆಯ ವಾಕ್ಯ ಇಲ್ಲ.